ಹಿಂದಿರುಗಿಸದ ಬಟ್ಟಲು

ಗೆನ್ರಿಖ್ ಹೊರಟ ದಿನ ನನಗೆ ಒಂದು ಮಾತು ಒಪ್ಪಿಸಿ ಹೋದ. ಕೀಲಿ ಅಲ್ಲ, ಬೆಕ್ಕು ಅಲ್ಲ, ಬರೀ ಒಂದು ಮಾತು. ಮೂವತ್ತೊಂದು ವರ್ಷ ನಮ್ಮ ಬೇಲಿಯಾಚೆ ಬಾಳಿದ ಜರ್ಮನ್ ಮುದುಕ ಅವನು. ಹೆಂಡತಿ ತೀರಿಕೊಂಡ ಮೇಲೆ ಮಗಳು ಜರ್ಮನಿಗೆ ಕರೆಸಿಕೊಂಡಳು. ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಹೊಡೆದರೂ ಇವನು ನಮ್ಮ ಬೇಲಿ ಹಿಡಿದುಕೊಂಡು ನಿಂತೇ ಇದ್ದ.

"ಕುಲ್ಯಾ, ಈ ಮನೆಗೆ ಯಾರೇ ಬರ್ಲಿ, ಒಲೆ ವಿಷ್ಯ ಹೇಳ್ಬಿಡು. ಕೆರೆ ಕಡೆ ಗಾಳಿ ಬೀಸೋ ದಿನ ಹೊಗೆಗೂಡಿನ ತಗಡು ಮುಚ್ಬಾರ್ದು. ಅರ್ಧನೂ ಮುಚ್ಬಾರ್ದು. ಮನೆ ತಣ್ಣಗಾದ್ರೆ ಆಗ್ಲಿ."

ಹೇಳ್ತೀನಿ ಹೋಗು, ವಿಮಾನ ನಿನಗೋಸ್ಕರ ಕಾಯಲ್ಲ ಅಂದೆ. ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಆಗ ನನಗೆ ಸ್ವಲ್ಪ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮದು ಊರು ಅನ್ನಲು ಊರಲ್ಲ, ಪೇಟೆ ಅನ್ನಲು ಪೇಟೆಯಲ್ಲ. ಕೊಕ್ಷೆತಾವ್ ಪೇಟೆಯವರು ಒಂದು ಕಾಲದಲ್ಲಿ ಬೇಸಿಗೆಯಲ್ಲಿ ಬಂದು ಸೌತೆಕಾಯಿ ಬೆಳೆದು ಹೋಗುತ್ತಿದ್ದ ಮರದ ಗುಡಿಸಲುಗಳ ಸಾಲು. ಈಗ ಅವುಗಳಿಗೇ ಇಟ್ಟಿಗೆ ಹೊದಿಸಿ, ಕಲ್ಲಿದ್ದಲ ಒಲೆ ಹಾಕಿಸಿ ವರ್ಷವಿಡೀ ಇರುತ್ತೇವೆ. ಗ್ಯಾಸ್ ಕೊಳವೆ ಬರುತ್ತದೆ ಎಂದು ನನ್ನ ಮಗಳು ಹುಟ್ಟಿದಾಗಿನಿಂದ ಹೇಳುತ್ತಿದ್ದಾರೆ. ಕೆರೆಯ ನೆರೆ ತಡೆಯಲು ಕಟ್ಟಿದ ಏರಿಯ ಕೆಳಗೆ, ಸಾಲಿನ ಕೊನೆಯ ತಗ್ಗಿನಲ್ಲಿ ಗೆನ್ರಿಖ್‌ನ ಮನೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲಿಂದ ಬರುವ ಗಾಳಿ ಏರಿ ದಾಟಿದ್ದೇ ಸೀದಾ ಆ ಹೊಗೆಗೂಡಿನ ತಲೆಯ ಮೇಲೆ ಕೂರುತ್ತದೆ, ಮೇಲೆ ಹೋಗಬೇಕಾದದ್ದನ್ನು ಒಳಕ್ಕೇ ತಳ್ಳುತ್ತದೆ. ಉರಿ ಇಳಿದು ಕೆಂಡವಾದ ಮೇಲೆ ಕಾವು ಉಳಿಯಲಿ ಎಂದು ತಗಡನ್ನು ಅರ್ಧ ಎಳೆಯುವುದು ನಮ್ಮಲ್ಲಿ ಎಲ್ಲರ ಮನೆಯ ಅಭ್ಯಾಸ. ಅವನ ಮನೆಯಲ್ಲಿ ಮಾತ್ರ ಅದು ಕೂಡದು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ, ಕೆಂಡದ ವಿಷ ಕಾಣುವುದಿಲ್ಲ.

ಆ ಮನೆಯ ಮೇಲೆ ನನ್ನ ಕಣ್ಣಿತ್ತು. ನನ್ನ ಮಗಳು ಅಸೆಮ್, ಗಂಡನನ್ನು ಬಿಟ್ಟು ಎರಡು ಮಕ್ಕಳನ್ನು ಕಟ್ಟಿಕೊಂಡು ಪೇಟೆಯಲ್ಲಿ ಒಂದೇ ಕೋಣೆಯಲ್ಲಿ ಬೇಯುತ್ತಿದ್ದಳು. ಬೇಲಿಯಲ್ಲೊಂದು ಗೇಟು ಕೊಯ್ದು, ಮೊಮ್ಮಕ್ಕಳು ಚಪ್ಪಲಿ ಇಲ್ಲದೆ ಆಚೆಗೂ ಈಚೆಗೂ ಓಡಾಡುವುದನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಬಿಟ್ಟಿದ್ದೆ. ಗೆನ್ರಿಖ್‌ಗೂ ಅದು ಗೊತ್ತಿತ್ತು. ಆದರೆ ಕಾಗದ ಪತ್ರ ಅವನ ಮಗಳ ಕೈಯಲ್ಲಿತ್ತು. ಅವಳು ಅಲ್ಲಿಂದಲೇ ಫೋನಿನಲ್ಲಿ ಹತ್ತು ದಿನದೊಳಗೆ ಯಾರಿಗೋ ಮಾರಿಬಿಟ್ಟಳು. ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಆ ಯಾರೋ ಅಂದರೆ ಮೇಯ್ರಾಮ್ ಮತ್ತು ಅವನ ಹೆಂಡತಿ ರಾಯ್ಹಾನ್. ದಕ್ಷಿಣದ ಸಿರ್ದಾರ್ಯಾ ಹೊಳೆಯ ಕಡೆಯವರು. ನಮ್ಮ ಉತ್ತರದಲ್ಲಿ ಜನ ಸಾಲದು, ಹೋಗಿ ನೆಲೆಸಿ ಎಂದು ಸರ್ಕಾರ ಕಳಿಸುತ್ತದಲ್ಲ, ಹಾಗೆ ಬಂದವರು. ಅವನಿಗೆ ಪೇಟೆಯ ಬಸ್ಸಿನಲ್ಲಿ ಡ್ರೈವರ್ ಕೆಲಸ. ಇಂಜು ಅಂತ ಆರು ವರ್ಷದ ಮಗಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಸೆಪ್ಟೆಂಬರಿನಲ್ಲಿ ಲಾರಿಯಿಂದ ಸಾಮಾನು ಇಳಿಸುವಾಗ ನಾನು ಕಿಟಕಿಯ ಪರದೆ ಸರಿಸಿ ನೋಡಿದೆ. ನನ್ನ ಅಸೆಮ್‌ಳ ಮಂಚ ಇರಬೇಕಾಗಿದ್ದ ಕೋಣೆಗೆ ಅವರ ಮಂಚ ಹೋಯಿತು. ಪರದೆ ಎಳೆದುಬಿಟ್ಟೆ.

ಬಂದ ನಾಲ್ಕನೇ ದಿನ ರಾಯ್ಹಾನ್ ಬೇಲಿಯ ಹತ್ತಿರ ಬಂದಳು. ಕೈಯಲ್ಲಿ ನೀಲಿ ಹೂವಿನ ಬಟ್ಟಲು, ತುಂಬ ಬಿಸಿ ಬಾವುರ್ಸಾಕ್. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನುಂಡೆಗಳು ನನ್ನವಕ್ಕಿಂತ ಹಗುರವಾಗಿದ್ದವು, ಅದೂ ನನಗೆ ಸೇರಲಿಲ್ಲ. ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನಾದರೂ ಹಾಕಿ ಕೊಟ್ಟರಾಯಿತು ಎಂದು ಕಪಾಟಿನ ಮೇಲಿಟ್ಟೆ. ಅದು ಅಲ್ಲೇ ಉಳಿಯಿತು.

ಹೊಸಬರು ಬಂದರೆ ನೆರೆಯವರು ಕರೆದು ಉಣ್ಣಿಸಬೇಕು. ಅದಕ್ಕೆ ನಮ್ಮಲ್ಲಿ ಎರುಲಿಕ್ ಅನ್ನುತ್ತಾರೆ. ನಮ್ಮ ಸಾಲಿನ ರೂಢಿಯಲ್ಲಿ ಮೊದಲು ಕರೆಯಬೇಕಾದದ್ದು ಹಿರಿಯ ಮನೆ, ಉಳಿದವರು ಆಮೇಲೆ. ಹಿರಿಯ ಮನೆ ಅಂದರೆ ನಮ್ಮದೇ. ನನ್ನ ಗಂಡ ಯೆರ್ಮೆಕ್‌ಗೆ ಎಪ್ಪತ್ತು. ನಾವು ಕರೆಯುವವರೆಗೆ ಬೇರೆಯವರು ಅವರ ಮನೆಯ ಹೊಸ್ತಿಲು ತುಳಿಯುವುದಿಲ್ಲ, ದಾರಿಯಲ್ಲಿ ಸಿಕ್ಕರೆ ನಕ್ಕು ಮುಂದೆ ಹೋಗುತ್ತಾರೆ. ಒಟ್ಟಿನಲ್ಲಿ ಇಡೀ ಸಾಲಿನ ಬಾಗಿಲು ನನ್ನ ಸೊಂಟದ ಕೀಲಿಗೊಂಚಲಿನಲ್ಲಿತ್ತು.

ನಾನು ಕರೆಯಲಿಲ್ಲ. ಮೊದಲು ಆಲೂಗಡ್ಡೆ ಅಗೆಯುವುದಿತ್ತು. ಆಮೇಲೆ ಎಲೆಕೋಸು ಉಪ್ಪಿಗೆ ಹಾಕುವುದಿತ್ತು. ಆಮೇಲೆ ಚಳಿಗಾಲಕ್ಕೆಂದು ಕುದುರೆ ಕಡಿಯುವ ಸೋಗಿಮ್ ಹತ್ತಿರ ಬಂತು. ಅದು ಆಗಲಿ, ಹೊಸ ಮಾಂಸದಲ್ಲೇ ಮರ್ಯಾದೆಯಾಗಿ ಉಣ್ಣಿಸೋಣ ಅಂದೆ. ಎಲ್ಲವೂ ನಿಜವಾದ ಕಾರಣಗಳೇ, ಒಂದೂ ಸುಳ್ಳಲ್ಲ. ಎದುರು ಮನೆಯ ಬಾಲ್ಜಾನ್‌ಗೆ ಮಾತ್ರ ನನ್ನ ಒಳಗು ಚೆನ್ನಾಗಿ ಗೊತ್ತು. "ಅಪಾ, ನೀನು ಹೀಗೇ ತಡ ಮಾಡ್ತಿದ್ರೆ ಆ ಕುದುರೆ ತಾನೇ ನಡ್ಕೊಂಡು ಅವ್ರ ಮನೆಗೆ ಹೋಗುತ್ತೆ ನೋಡು" ಎಂದು ಚುಚ್ಚಿದಳು. ನಿನ್ನ ಮನೆ ಕಸ ನೀನು ಗುಡಿಸು ಅಂದೆ.

ಹೇಳಬೇಕಾದ ಮಾತು ಮರೆತಿರಲಿಲ್ಲ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು. ಅದನ್ನು ಬೇಲಿಯಾಚೆಯಿಂದ ಕೂಗಿ ಹೇಳಲು ಅರ್ಧ ನಿಮಿಷ ಸಾಕು. ಆದರೆ ಕೂಗಿ ಹೇಳಿದರೆ ಅವರು ನಮ್ಮ ನೆರೆಯವರಾಗಿಬಿಡುತ್ತಾರೆ. ಇನ್ನೂ ಸ್ವಲ್ಪ ದಿನ ಅವರು ಯಾರೂ ಅಲ್ಲದೆ ಇರಲಿ ಎಂದು ನನ್ನ ಹಾಳು ಮನಸ್ಸು.

ನವೆಂಬರಿನಲ್ಲಿ ಬೀದಿಯ ನೀರಿನ ಕೊಳಾಯಿ ಹತ್ತಿರ ಅವಳೇ ಕೇಳಿದಳು. ಬಕೆಟಿನ ಸುತ್ತ ಮಂಜುಗಡ್ಡೆ ಕಟ್ಟಿತ್ತು. ಇಂಜು ಅದರ ಮೇಲೆ ಜಾರುತ್ತ ನನ್ನ ಕೋಟು ಹಿಡಿದುಕೊಂಡಿತ್ತು. ಮಕ್ಕಳಿಗೆ ಯಾರ ಕೋಟಾದರೂ ಆಗುತ್ತದೆ.

"ಅಪಾ, ನಮ್ಮ ಒಲೆ ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ ತಲೆನೋವು ಬರುತ್ತೆ. ಹಳೇ ಯಜಮಾನ್ರು ಏನಾದ್ರೂ ಹೇಳ್ತಿದ್ರಾ?"

ನಾನು ಬಕೆಟು ಎತ್ತಿಕೊಂಡೆ. "ಹೊಸ ಮನೆ ಒಲೆ ಹಾಗೇ ಕೆಲಿನ್, ಕೈಗೆ ಹೊಂದ್ಕೋಬೇಕು. ಸೋಗಿಮ್ ಆದ್ಮೇಲೆ ಊಟಕ್ಕೆ ಬರ್ತೀರಲ್ಲ, ಆಗ ಕೂತು ಮಾತಾಡೋಣ."

ಕೆಲಿನ್ ಅಂದರೆ ಸೊಸೆ. ಸಾಲಿನ ಚಿಕ್ಕ ಹೆಂಗಸರನ್ನೆಲ್ಲ ಹಿರಿಯರು ಹಾಗೆ ಕರೆಯುತ್ತೇವೆ, ಹಿರಿಯ ಹೆಂಗಸರನ್ನು ಅವರು ಅಪಾ ಅನ್ನುತ್ತಾರೆ. ಅವಳನ್ನು ನಾನು ಹಾಗೆ ಕರೆದದ್ದು ಅದೇ ಮೊದಲು. ಅವಳ ಮುಖ ಅರಳಿತು, ತಲೆನೋವಿನ ಮಾತನ್ನು ಅಲ್ಲಿಗೇ ಬಿಟ್ಟಳು.

ಡಿಸೆಂಬರ್ ಮೊದಲ ವಾರ ಸೋಗಿಮ್ ಆಯಿತು. ಒಳ್ಳೆಯ ಮಾಂಸ, ಮೂರು ಬೆರಳು ದಪ್ಪ ಕೊಬ್ಬು. ಕೈ ರಕ್ತವಾದರೆ ನನ್ನ ಸಿಟ್ಟು ಇಳಿಯುತ್ತದೆ, ಯಾವಾಗಲೂ ಹಾಗೇ. ಭಾನುವಾರ ಮಧ್ಯಾಹ್ನ ಬನ್ನಿ ಎಂದು ಹೇಳಿಕಳಿಸಿದೆ. ಇಂಜುಗೆ ಎಂದು ಕುದುರೆಯ ನಾಲಿಗೆ ತೆಗೆದಿಟ್ಟೆ, ಮಾತು ಚುರುಕಾಗಲಿ ಅಂತ. ಅಸೆಮ್‌ಗೆ ಮನೆ ಬೇರೆ ಎಲ್ಲಾದರೂ ಸಿಗುತ್ತದೆ ಅನ್ನಿಸತೊಡಗಿತು. ದೇವರಾಣೆ, ಆ ಶನಿವಾರ ನಾನು ಖುಷಿಯಾಗಿದ್ದೆ.

ಶನಿವಾರ ಸಂಜೆ ಗಾಳಿ ತಿರುಗಿತು. ನಾನು ಮರುದಿನಕ್ಕೆಂದು ಹಿಟ್ಟು ಲಟ್ಟಿಸುತ್ತಿದ್ದೆ. ಏರಿಯ ಕಡೆಯ ಕಿಟಕಿ ಗಲಗಲ ಎಂದಿತು. ಒಲೆಯ ಹತ್ತಿರ ಬೂಟು ಬಿಚ್ಚಿ ಕೂತಿದ್ದ ಯೆರ್ಮೆಕ್ ತಲೆಯೆತ್ತಿದ.

"ಕೆರೆಗಾಳಿ. ಆ ಹುಡುಗ್ರಿಗೆ ತಗಡಿನ ವಿಷ್ಯ ಹೇಳಿದೀಯಾ ನೀನು?"

"ನಾಳೆ ಬರ್ತಾರಲ್ಲ."

"ಈಗ್ಲೇ ಹೋಗಿ ಒಂದು ಮಾತು ಹೇಳಿ ಬರ್ಲಾ?"

"ಬಿಚ್ಚಿದ ಬೂಟು ಮತ್ತೆ ಹಾಕ್ಬೇಡ. ಎರುಲಿಕ್ ಹಿಂದಿನ ದಿನ ಅವ್ರ ಹೊಸ್ತಿಲಿಗೆ ಹೋಗೋದು ಚೆನ್ನಾಗಿರಲ್ಲ. ಊಟಕ್ಕೆ ಕೂತಾಗ ಹೇಳಿದ್ರಾಯ್ತು."

ಅವನು ಬೂಟಿನ ಕಡೆ ಒಮ್ಮೆ ನೋಡಿದ. ಹೊರಗೆ ಹಿಮ ಅಡ್ಡಡ್ಡ ಹಾರುತ್ತಿತ್ತು. ಮೂವತ್ತು ಹೆಜ್ಜೆ ದೂರ. ಅವನು ಹೋಗಲಿಲ್ಲ.

ಭಾನುವಾರ ಹನ್ನೆರಡಾಯಿತು, ಒಂದಾಯಿತು. ಮೇಜಿನ ಮೇಲೆ ಎಲ್ಲ ಹರಡಿತ್ತು, ಮಾಂಸ ಕುದಿದು ಕುದಿದು ಮೂಳೆ ಬಿಡುತ್ತಿತ್ತು. ದಕ್ಷಿಣದವರ ಗಡಿಯಾರ ನಿಧಾನ ಎಂದು ಬಾಲ್ಜಾನ್ ನಕ್ಕಳು. ನಾನೂ ನಕ್ಕೆ. ಆಮೇಲೆ ಶಾಲು ಹೊದ್ದು ಕರೆಯಲು ಹೊರಟೆ. ಅವರ ಗೇಟಿನ ಮುಂದೆ ಹಿಮ ತೋಡಿರಲಿಲ್ಲ, ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಹೊಗೆಗೂಡು ಸುಮ್ಮನಿತ್ತು. ಮೂವತ್ತೊಂದು ವರ್ಷ ಆ ಹೊಗೆಗೂಡನ್ನು ನೋಡಿದವಳು ನಾನು, ಗೇಟಿನ ಹತ್ತಿರವೇ ನನಗೆ ತಿಳಿದುಹೋಯಿತು.

ಹೊರಬಾಗಿಲು ತಳ್ಳಿದರೆ ಅರ್ಧಕ್ಕೆ ನಿಂತಿತು. ಹಿಂದೆ ರಾಯ್ಹಾನ್ ಬಿದ್ದಿದ್ದಳು. ಬಾಗಿಲಿನ ಕೆಳಗಿನ ಸಂದಿಗೆ ಮುಖ, ಸಂದಿಯಿಂದ ನುಗ್ಗಿದ ಹಿಮದಲ್ಲಿ ಎಡಗೈ. ಉಸಿರಿತ್ತು. ಆ ಸಂದಿಯೇ ಅವಳನ್ನು ಉಳಿಸಿತು, ಬೆರಳುಗಳನ್ನು ತಿಂದಿತು. ಒಳಗೆ ಮೇಯ್ರಾಮ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಇಂಜುವಿನ ಕೆನ್ನೆ ಕೆಂಪಗಿತ್ತು. ಆ ವಿಷದಲ್ಲಿ ಹೋದವರ ಕೆನ್ನೆ ಹಾಗೇ ಇರುತ್ತದಂತೆ, ಆಮೇಲೆ ಡಾಕ್ಟರು ಹೇಳಿದರು. ನಾನು ಒಂದು ಗಳಿಗೆ ನಿದ್ದೆ ಅಂದುಕೊಂಡು ಅಲುಗಾಡಿಸಿದೆ. ಒಲೆಯ ಮೇಲಿನ ತಗಡು ಅರ್ಧ ಎಳೆದಿತ್ತು. ಎಲ್ಲರ ಮನೆಯಲ್ಲಿ ಎಳೆಯುವ ಹಾಗೆ, ಸರಿಯಾಗಿ ಅರ್ಧ.

ನೆಲ ಕಲ್ಲಾಗಿತ್ತು. ಗಂಡಸರು ಹಳೇ ಟೈರು ಸುಟ್ಟು ಮಣ್ಣು ಕರಗಿಸಿ ಎರಡು ದಿನ ಗೋರಿ ತೋಡಿದರು, ಒಂದು ದೊಡ್ಡದು, ಒಂದು ಚಿಕ್ಕದು. ಎರುಲಿಕ್‌ಗೆ ಬೇಯಿಸಿದ ಮಾಂಸವನ್ನು ಹೊರಗೆ ಹಿಮದಲ್ಲಿ ಇಟ್ಟಿದ್ದೆವು. ಅದನ್ನೇ ಬಿಸಿ ಮಾಡಿ ಗೋರಿ ತೋಡಿದವರಿಗೆ ಬಡಿಸಿದೆ. ಚೆನ್ನಾಗಿ ಬೆಂದಿದೆ ಅಪಾ ಅಂದ ಒಬ್ಬ. ನಾಲಿಗೆಯನ್ನು ಮಾತ್ರ ಯಾರಿಗೂ ಹಾಕಲಿಲ್ಲ, ನಾಯಿಗೂ ಹಾಕಲಿಲ್ಲ. ಏರಿಯ ಬುಡದಲ್ಲಿ ಹಿಮದೊಳಗೆ ಹೂತೆ.

ರಾಯ್ಹಾನ್‌ಗೆ ಆಸ್ಪತ್ರೆಯಲ್ಲಿ ಸುದ್ದಿ ಹೇಳಿದ್ದು ಯೆರ್ಮೆಕ್ ಮತ್ತು ಇನ್ನಿಬ್ಬರು ಹಿರಿಯರು, ನಮ್ಮ ಪದ್ಧತಿಯಂತೆ ಸುತ್ತಿ ಬಳಸಿ. ಅವರು ಅರ್ಧ ಹೇಳುವುದರೊಳಗೆ ಅವಳು ತಿಳಿದುಕೊಂಡಳು. ನಾನು ಬೆನ್ನ ಹಿಂದೆ ನಿಂತು ಅವಳ ಭುಜ ಹಿಡಿದಿದ್ದೆ. ಆ ಮನೆಗೆ ಹಿಂದಿರುಗುವಂತಿರಲಿಲ್ಲ, ಹಾಗಾಗಿ ಸತ್ತವರಿಗೆ ಪ್ರಾರ್ಥನೆ ಮಾಡಿಸುವ ನಲವತ್ತನೆಯ ದಿನದವರೆಗೆ ನಮ್ಮ ಮನೆಯಲ್ಲೇ ಇರು ಎಂದು ಕರೆತಂದೆ. ಅಸೆಮ್‌ಳ ಮದುವೆಗೆ ಮುಂಚಿನ ಕೋಣೆ ಕೊಟ್ಟೆ. ಸಾಲಿನವರೆಲ್ಲ ನನ್ನನ್ನು ಹೊಗಳಿದರು. ಹಿರಿಯ ಮನೆ ಅಂದ್ರೆ ಹೀಗಿರ್ಬೇಕು ಅಂದರು. ಹೊಗಳಿಕೆ ಕೇಳುತ್ತ ನಾನು ತಲೆ ತಗ್ಗಿಸಿದರೆ ಅದನ್ನೂ ವಿನಯ ಅಂದುಕೊಂಡರು.

ಅವಳು ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಹಗಲಲ್ಲಿ ಬ್ಯಾಂಡೇಜ್ ಕಟ್ಟಿದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದಳು. "ನಾನೇ ಎಳೆದೆ ಅಪಾ. ಮಗು ಚಳಿ ಅಂತು. ಈ ಕೈಯಲ್ಲೇ ಎಳೆದೆ." ನಿನ್ನ ತಪ್ಪಲ್ಲ ಅನ್ನುತ್ತಿದ್ದೆ. ಹಾಗಾದರೆ ಯಾರ ತಪ್ಪು ಎಂದು ಅವಳು ಕೇಳುತ್ತಿರಲಿಲ್ಲ. ನಾನೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಾನು ಬಾಯಿ ಬಿಟ್ಟರೆ ಅವಳ ತಲೆಯ ಮೇಲಿನ ಭಾರ ಇಳಿಯುತ್ತಿತ್ತು, ಅದು ಗೊತ್ತಿತ್ತು. ಇಳಿದು ಎಲ್ಲಿಗೆ ಬರುತ್ತದೆ ಅನ್ನುವುದೂ ಗೊತ್ತಿತ್ತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಜರ್ಮನಿಯಿಂದ ಫೋನ್ ಬಂತು. ಗೆನ್ರಿಖ್‌ಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ನಾನು ಫೋನು ಹಿಡಿದು ನಡುಮನೆಗೆ ಬಂದೆ. ಮುದುಕ ಅಳುತ್ತಿದ್ದ. ಅಳುತ್ತಲೇ ಕೇಳಿದ, ಕುಲ್ಯಾ, ನೀನು ಹೇಳಿರಲಿಲ್ಲವಾ?

"ಹೇಳಿದ್ದೆ ಗೆನ್ರಿಖ್. ಮೇಯ್ರಾಮ್‌ಗೆ ಹೇಳಿದ್ದೆ. ನೀರಿನ ಕೊಳಾಯಿ ಹತ್ರ, ನವೆಂಬರ್‌ನಲ್ಲಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ಕೊಳಾಯಿ, ನವೆಂಬರು ಎಲ್ಲ ತಾನಾಗಿಯೇ ಸೇರಿಕೊಂಡವು. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ರಾಯ್ಹಾನ್.

"ಅವ್ರಿಗೆ ಗೊತ್ತಿತ್ತಾ ಅಪಾ?"

ನಾನು ಹೌದೆಂದು ತಲೆಯಾಡಿಸಿದೆ. ಬಾಯಿಂದ ಎರಡನೆಯ ಸಲ ಹೇಳಲಾಗಲಿಲ್ಲ, ತಲೆ ಮಾತ್ರ ಆಡಿತು.

"ಹಾಗಾದ್ರೆ ಆವತ್ತು ತಗಡು ಎಳಿ ಅಂತ ಅವ್ರೇ ಯಾಕಂದ್ರು? ನಾನು ಸ್ವಲ್ಪ ಹೊತ್ತು ಬಿಡೋಣ ಅಂದೆ. ಅವ್ರು, ಮಗು ನಡುಗ್ತಿದೆ, ಎಳಿ ಅಂದ್ರು."

ಆ ದಿನ ಅವಳು ನಿದ್ದೆ ಮಾಡಿದಳು, ಇಪ್ಪತ್ತೆರಡು ದಿನಗಳಲ್ಲಿ ಮೊದಲ ಸಲ. ಮರುದಿನ ಸ್ವಲ್ಪ ಸಾರು ಕುಡಿದಳು. ನೋಡು, ನನ್ನ ಸುಳ್ಳು ಅವಳಿಗೆ ಒಳ್ಳೆಯದನ್ನೇ ಮಾಡಿತು ಅಂದುಕೊಂಡೆ. ಯೆರ್ಮೆಕ್‌ಗೂ ಹಾಗೇ ಅಂದೆ. ಆ ಶನಿವಾರದಿಂದ ಅವನು ಮನೆಯೊಳಗೂ ಬೂಟು ಬಿಚ್ಚುತ್ತಿರಲಿಲ್ಲ. ಮಲಗುವಾಗ ಮಾತ್ರ ಬಿಚ್ಚುತ್ತಿದ್ದ. ಬೈದು ಬೈದು ನಾನೇ ಸುಮ್ಮನಾಗಿದ್ದೆ.

ಆದರೆ ಅಲ್ಲಿಂದ ಮುಂದೆ ರಾಯ್ಹಾನ್ ಗಂಡನ ಹೆಸರೆತ್ತಲಿಲ್ಲ. ಅವನ ಕೋಟನ್ನು ಮಡಚಿ ಇಟ್ಟುಕೊಂಡಿದ್ದಳು, ಅದನ್ನು ತಂದು ಯಾರಿಗಾದರೂ ಕೊಟ್ಟುಬಿಡಿ ಅಂದಳು. ಗೋರಿಗೆ ಹೋದಾಗ ಚಿಕ್ಕದರ ಹತ್ತಿರ ಕೂತಳು, ದೊಡ್ಡದರ ಕಡೆ ತಿರುಗಲಿಲ್ಲ. ಹಿಮ ಬಿದ್ದು ದೊಡ್ಡದು ಮುಚ್ಚಿಹೋಗಿತ್ತು. ಚಿಕ್ಕದನ್ನು ಅವಳು ಬಲಗೈಯಿಂದ ಗುಡಿಸಿದಳು. ನಾನು ದೊಡ್ಡದನ್ನು ಗುಡಿಸಲು ಬಗ್ಗಿದೆ. ಅವಳು ನನ್ನ ತೋಳು ಹಿಡಿದು ಎಬ್ಬಿಸಿದಳು.

ನಲವತ್ತನೆಯ ದಿನ ಅವಳ ಅಣ್ಣ ಬಾಗ್ಲಾನ್ ಕರೆದೊಯ್ಯಲು ಬಂದ. ಪ್ರಾರ್ಥನೆ ಮುಗಿದು, ಜನ ಉಂಡು ಕರಗಿ, ಅಡುಗೆಮನೆಯಲ್ಲಿ ನಾನು, ಬಾಲ್ಜಾನ್, ರಾಯ್ಹಾನ್ ಉಳಿದೆವು. ಸತ್ತವರ ಹೆಸರಿನಲ್ಲಿ ಎಣ್ಣೆಯಲ್ಲಿ ಕರಿಯುವ ತೆಳು ರೊಟ್ಟಿ, ಶೆಲ್ಪೆಕ್, ಒಬ್ಬೊಬ್ಬರಿಗೆ ಏಳು. ನಾನೇ ಮಾಡುತ್ತೇನೆಂದು ರಾಯ್ಹಾನ್ ಹಟ ಹಿಡಿದಳು. ಮೊಂಡಾದ ಬೆರಳುಗಳಿಂದಲೇ ತಟ್ಟಿ ಏಳು ಕರಿದಳು, ಒಂದರ ಮೇಲೊಂದು ಪೇರಿಸಿ "ಇವು ಇಂಜುಗೆ" ಅಂದಳು. ಗ್ಯಾಸ್ ಸಿಲಿಂಡರಿನ ಒಲೆ ಆರಿಸಿದಳು.

ಬಾಲ್ಜಾನ್ ಮೆಲ್ಲಗೆ, "ಕೆಲಿನ್, ಮೇಯ್ರಾಮ್‌ಗೂ ಏಳು ಆಗ್ಬೇಕಲ್ಲ. ಹಿಟ್ಟಿದೆ" ಅಂದಳು.

"ಅವ್ರಿಗೆ ಬೇಡ ಅಕ್ಕಾ. ಗೊತ್ತಿದ್ದೂ ಮಗುನ ಕೊಂದೋರಿಗೆ ನನ್ನ ಕೈ ರೊಟ್ಟಿ ಯಾಕೆ?"

ಯೆರ್ಮೆಕ್ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗಿನ ಮಾತು ಅವನಿಗೆ ಕೇಳುತ್ತಿತ್ತು. ಆ ಮನೆಯಲ್ಲಿ ಮೇಯ್ರಾಮ್‌ನ ಪರವಾಗಿ ಮಾತಾಡಬಲ್ಲವರು ಇಬ್ಬರೇ, ನಾನು ಮತ್ತು ನನ್ನ ಗಂಡ. ಮೇಯ್ರಾಮ್ ನನಗೆ ಏನು ಮಾಡಿದ್ದ? ದಾರಿಯಲ್ಲಿ ಕಂಡರೆ ಬಸ್ಸು ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ. ಒಮ್ಮೆ ನನ್ನ ಹಿಟ್ಟಿನ ಮೂಟೆಯನ್ನು ಮನೆತನಕ ಹೊತ್ತು ತಂದಿದ್ದ, ಒಳಗೆ ಬಾ ಅಂತ ನಾನು ಕರೆದಿರಲಿಲ್ಲ. ಅವನ ಜೀವ ಹೋಯಿತು, ಮಗಳು ಹೋದಳು. ಉಳಿದದ್ದು ಈ ಏಳು ರೊಟ್ಟಿ. ಅದನ್ನೂ ನಾನೇ ಕಸಿದುಕೊಂಡಿದ್ದೆ.

"ಮೇಯ್ರಾಮ್‌ಗೆ ಗೊತ್ತಿರ್ಲಿಲ್ಲ," ಅಂದೆ. "ನಾನು ಹೇಳಿರ್ಲಿಲ್ಲ. ಗೆನ್ರಿಖ್ ನಂಗೆ ಹೇಳಿ ಹೋಗಿದ್ದ. ನೀನು ಕೊಳಾಯಿ ಹತ್ರ ಕೇಳ್ದಾಗ್ಲೂ ನಂಗೆ ಗೊತ್ತಿತ್ತು. ಶನಿವಾರ ಯೆರ್ಮೆಕ್ ಹೇಳಿ ಬರ್ಲಾ ಅಂದ, ನಾನೇ ಬೇಡ ಅಂದೆ."

ಬಾಲ್ಜಾನ್ ಯಾ ಅಲ್ಲಾ ಎಂದು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ರಾಯ್ಹಾನ್ ನನ್ನನ್ನು ನೋಡುತ್ತ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದು ಕಾದೆ. ಅವಳು ಕೇಳಿದ್ದು ಒಂದೇ.

"ಯಾಕೆ ಅಪಾ?"

ನನ್ನ ಮಗಳಿಗೆ ಆ ಮನೆ ಬೇಕಿತ್ತು ಎಂದು ಹೇಳಿದೆ. ಮೂರು ತಿಂಗಳು ನನ್ನೊಳಗೆ ಅಷ್ಟು ದೊಡ್ಡದಾಗಿದ್ದ ಕಾರಣ, ಬಾಯಿಂದ ಹೊರಗೆ ಬಂದಾಗ ಒಂದೇ ವಾಕ್ಯವಾಯಿತು.

ಅವಳು ಒಲೆಯ ಕಡೆ ತಿರುಗಿದಳು. ಮತ್ತೆ ಹಚ್ಚಿದಳು. ಎಣ್ಣೆ ಕಾಯುವ ತನಕ ಬೆನ್ನು ತಿರುಗಿಸಿಯೇ ನಿಂತಿದ್ದಳು. ಆಮೇಲೆ ಹಿಟ್ಟು ಹಿಚುಕಿ, ಮೊಂಡು ಬೆರಳಿನಿಂದ ತಟ್ಟಿ, ಒಂದೊಂದಾಗಿ ಏಳು ಕರಿದಳು. ನಾವಿಬ್ಬರೂ ಕದಲಲಿಲ್ಲ. ನಾಲ್ಕನೆಯದು ಹರಿಯಿತು, ಅದನ್ನು ಬದಿಗಿಟ್ಟು ಇನ್ನೊಂದು ತಟ್ಟಿದಳು. ಏಳಾದ ಮೇಲೆ "ಮೇಯ್ರಾಮ್‌ಗೆ" ಅಂದಳು. ಅಷ್ಟು ದಿನ ಸುಮ್ಮನಿದ್ದವಳು ಆಗ ಅತ್ತಳು. ಅವನ ಹೆಸರು ಹಿಡಿದು, ಕ್ಷಮಿಸಿ, ಕ್ಷಮಿಸಿ ಎಂದು ಅತ್ತಳು. ನಾನು ಮುಂದೆ ಹೋಗಲಿಲ್ಲ. ಬಾಲ್ಜಾನ್ ಹೋಗಿ ಹಿಡಿದುಕೊಂಡಳು.

ಹೊರಗೆ ಬಾಗ್ಲಾನ್ ಗಾಡಿ ಬಿಸಿ ಮಾಡುತ್ತಿದ್ದ. ರಾಯ್ಹಾನ್ ಕೋಟು ಹಾಕಿಕೊಂಡು ಬಂದಳು, ಕಂಕುಳಲ್ಲಿ ಗಂಡನ ಕೋಟು. ಯಾರಿಗೂ ಕೊಡದೆ ನಾನು ತೆಗೆದಿಟ್ಟಿದ್ದೆ, ಯೆರ್ಮೆಕ್ ತಂದುಕೊಟ್ಟಿದ್ದ. ಅವಳು ಕಪಾಟಿನ ಕಡೆ ನೋಡಿದಳು. ನೀಲಿ ಹೂವಿನ ಬಟ್ಟಲು. ಆವತ್ತು ಬೆಳಿಗ್ಗೆಯೇ ನಾನು ಅದನ್ನು ತುಂಬಿಸಿಟ್ಟಿದ್ದೆ. ಒಣದ್ರಾಕ್ಷಿ, ಒಣಮೊಸರಿನ ಉಂಡೆ, ಸಕ್ಕರೆ, ದಾರಿಗೆ ಆಗಲಿ ಅಂತ. ಇಳಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದೆ.

"ಅದ್ರಲ್ಲಿರೋದು ತೆಗೀರಿ," ಅಂದಳು. "ನನ್ನ ಬಟ್ಟಲು ಖಾಲಿಯಾಗೇ ಕೊಡಿ."

ಮೇಜಿನ ಮೇಲೆ ಸುರಿದೆ. ಬಟ್ಟಲಿನ ತಳದಲ್ಲಿ ಸಕ್ಕರೆ ಅಂಟಿತ್ತು, ಅದೂ ಇರಬಾರದೆಂದು ಶಾಲಿನ ತುದಿಯಿಂದ ಒರೆಸಿದೆ. ಅರವತ್ತೆರಡು ವರ್ಷದಲ್ಲಿ ಯಾರ ಬಟ್ಟಲನ್ನೂ ನಾನು ಖಾಲಿ ಹಿಂದಿರುಗಿಸಿದವಳಲ್ಲ. ಅವಳು ಅದನ್ನು ಗಂಡನ ಕೋಟಿನಲ್ಲಿ ಸುತ್ತಿಕೊಂಡು ಗಾಡಿ ಹತ್ತಿದಳು.